ವರ್ಗಣಿಯ ಬಲದಿಂದ ಹಿಮದ ಓಟ

ದಕ್ಷಿಣ ಅಮೇರಿಕೆಯ ಚಿಲಿ ದೇಶದಲ್ಲಿ 2025ರಲ್ಲಿ ಜರುಗಿದ ಅಂತರರಾಷ್ಟ್ರೀಯ ಸ್ಕೀ ಓಟದ 5 ಕಿಲೋಮೀಟರ್ ಪಂದ್ಯದಲ್ಲಿ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಕಂಚಿನ ಪದಕ ಗಳಿಸಿದ ಸುದ್ದಿಯನ್ನು ವಾಚಕರು ಓದಿರಬಹುದು. ಮಳೆಯ ನಾಡಾದ ಕೊಡಗಿಗೂ ಹಿಮಕ್ಕೂ ಎಲ್ಲಿಯ ನಂಟು ಎಂದು ವಾಚನಾಲಯದಲ್ಲಿ ಕೆಲವರು ಬೆರಗಾದರು. ಇನ್ನು ಕೆಲವರು ಬೇರೆಯೇ ಒಂದು ಪ್ರಶ್ನೆ ಹಾಕಿದರು: "ವರ್ಷವಿಡೀ ಇದನ್ನೇ ಮಾಡಿಕೊಂಡಿದ್ದರೆ ಹೊಟ್ಟೆಗೇನು?" ತಿಂಗಳ ಪಗಾರದ ಮೇಲೆ ಬದುಕುವ ನಾವು ಕೇಳಲೇಬೇಕಾದ ಪ್ರಶ್ನೆಯಿದು. ಈ ಸಲದ ಪಾಠವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಸ್ಕೀ ಎಂದರೆ ಕಾಲಿಗೆ ಬಿಗಿದುಕೊಳ್ಳುವ, ಆಳೆತ್ತರಕ್ಕಿಂತ ಉದ್ದನೆಯ, ಕಿರಿದಾದ ಹಲಗೆ. ಗುಡ್ಡದ ಮೇಲಿಂದ ಸರ್ರನೆ ಜಾರಿ ಇಳಿಯುವ ಪಂದ್ಯವೇ ಬೇರೆ. ನಾವು ಹೇಳುತ್ತಿರುವದು 'ಕ್ರಾಸ್ ಕಂಟ್ರಿ' ಎಂಬ ಪ್ರಕಾರ. ಇದರಲ್ಲಿ ದಿಣ್ಣೆಯನ್ನು ಏರಬೇಕು, ಬಯಲನ್ನು ದಾಟಬೇಕು, ಆಮೇಲೆ ಇಳಿಯಬೇಕು. ಎರಡೂ ಕೈಗಳಲ್ಲಿ ಕೋಲು ಹಿಡಿದು ಹಿಮವನ್ನು ಹಿಂದಕ್ಕೆ ಒತ್ತುತ್ತ ಸಾಗಬೇಕು. ಕಾಲು, ತೋಳು, ಬೆನ್ನು, ಹೊಟ್ಟೆ ಎಲ್ಲವೂ ಏಕಕಾಲಕ್ಕೆ ದುಡಿಯುವದರಿಂದ ಉಸಿರಿನ ಖರ್ಚು ಬಹಳ. ಆರೋಗ್ಯವಂತನಾದ ಸಾಮಾನ್ಯ ತರುಣನ ದೇಹವು ಪೂರ್ತಿ ಶ್ರಮಪಡುವಾಗ ತನ್ನ ತೂಕದ ಕಿಲೋ ಒಂದಕ್ಕೆ, ನಿಮಿಷಕ್ಕೆ ಸುಮಾರು 40 ಮಿಲಿಲೀಟರ್ ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು. ಈ ಆಟದ ಮೇಲ್ತರಗತಿಯ ಗಂಡಸರಲ್ಲಿ ಈ ಅಂಕಿ 80ನ್ನು ದಾಟುತ್ತದೆ. ಅದಕ್ಕೆ ಹುಟ್ಟುಗುಣ ಬೇಕೇ ಬೇಕು. ಅದರ ಮೇಲೆ ವರ್ಷಗಟ್ಟಲೆಯ ಸಾಧನೆಯೂ ಬೇಕು.

ಇಲ್ಲಿ ಒಂದು ಲೆಕ್ಕವಿದೆ. ಜಗತ್ತಿನ ಉತ್ತಮ ಸ್ಕೀ ಓಟಗಾರರು ವರ್ಷಕ್ಕೆ ಸುಮಾರು 750ರಿಂದ 950 ತಾಸು ತಾಲೀಮು ಮಾಡುತ್ತಾರೆ. ವಾರಕ್ಕೆ 48 ತಾಸಿನಂತೆ ಐವತ್ತು ವಾರ ಗಿರಣಿಯಲ್ಲಿ ದುಡಿದರೆ 2,400 ತಾಸಾಯಿತು. ಅಂದರೆ ಅವರ ತಾಲೀಮು ನಮ್ಮ ಹಜೇರಿಯ ಅರ್ಧದಷ್ಟೂ ಅಲ್ಲ! ಹೀಗಿರಲು ಬೆಳಿಗ್ಗೆ ಓಡಿ, ಆಮೇಲೆ ಒಂದು ಪಾಳಿ ದುಡಿದು, ಸಂಜೆ ಮತ್ತೆ ಓಡಬಾರದೇಕೆ? ಯಾರ ಉಪಕಾರವೂ ಬೇಕಾಗದಲ್ಲ?

ಆಗದು. ದೇಹಕ್ಕೆ ಬಲ ಬರುವದು ಓಡುವಾಗಲ್ಲ, ಓಡಿದ ಮೇಲಿನ ವಿಶ್ರಾಂತಿಯಲ್ಲಿ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಂಶ ಒಂದೂವರೆ ಎರಡು ತಾಸಿನ ಕಠಿಣ ಓಟಕ್ಕೆ ಬಹುಮಟ್ಟಿಗೆ ಬರಿದಾಗುತ್ತದೆ. ಅದು ಮತ್ತೆ ತುಂಬಲು ಚೆನ್ನಾಗಿ ಉಂಡರೂ ಸುಮಾರು ಒಂದು ದಿನ ಹಿಡಿಯುತ್ತದೆ. ಆದ್ದರಿಂದ ತಾಲೀಮಿನ ಬಹುಪಾಲನ್ನು ಮಾತಾಡುತ್ತ ಹೋಗುವಷ್ಟು ನಿಧಾನದ ವೇಗದಲ್ಲೇ ಮಾಡಿ, ಸ್ವಲ್ಪ ಭಾಗವನ್ನು ಮಾತ್ರ ಜೀವ ಬಾಯಿಗೆ ಬರುವಂತೆ ಓಡುತ್ತಾರೆ. ಎರಡು ತಾಲೀಮುಗಳ ನಡುವೆ ಎಂಟು ತಾಸು ಸಾಂಚೆಯ ಮುಂದೆ ನಿಂತವನಿಗೆ ಆ ಕಠಿಣ ಭಾಗ ಒದಗದು. ನೋಡಿದವರಿಗೆ ಮಧ್ಯಾಹ್ನ ಮಲಗಿದ ಸೋಮಾರಿಯಂತೆ ಕಾಣುವ ಹುಡುಗಿ ಆಗ ತನ್ನ ಕೆಲಸದ ಮೇಲೇ ಇರುತ್ತಾಳೆ. ಇದನ್ನು ಮನೆಯ ಹಿರಿಯರಿಗೆ ಒಪ್ಪಿಸುವದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು.

ಇನ್ನು ಖರ್ಚಿನ ಮಾತು. ಬೇಸಿಗೆಯಲ್ಲಿ ಗಾಲಿ ಕಟ್ಟಿದ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡಬಹುದಾದರೂ ಕೊನೆಗೆ ಹಿಮವಿದ್ದಲ್ಲಿಗೆ ಹೋಗಲೇಬೇಕು. ನಮ್ಮಲ್ಲಿ ಮಳೆಗಾಲವಿರುವಾಗ ಚಿಲಿಯಲ್ಲಿ ಚಳಿಗಾಲ. ಅಷ್ಟು ದೂರ ಹೋಗುವದೇಕೆಂಬುದು ಇದರಿಂದ ತಿಳಿದೀತು. ಸ್ಕೀಯ ಅಡಿಗೆ ಸವರುವ ಮೇಣವನ್ನೂ ಆಯಾ ದಿನದ ಹಿಮ ನೋಡಿ ಬದಲಿಸಬೇಕು. ನೂಲುವ ಖಾತೆಯಲ್ಲಿ ಗಾಳಿಯ ತೇವ ತಪ್ಪಿದರೆ ಎಳೆ ಹರಿಯುವಂತೆ, ಇಲ್ಲಿ ಮೇಣ ತಪ್ಪಿದರೆ ಎಷ್ಟು ಬಲವಿದ್ದರೂ ಸ್ಕೀ ಜಾರದು. ಹೊಸ ಹಿಮಕ್ಕೊಂದು, ಒದ್ದೆ ಹಿಮಕ್ಕೊಂದು ಎಂದು ದೊಡ್ಡ ಓಟಗಾರರು ಹತ್ತಾರು ಜೋಡಿ ಸ್ಕೀ ಇಟ್ಟುಕೊಂಡಿರುತ್ತಾರೆ.

ಈ ಹಣ ಕೊಡುವವರು ಯಾರು? ಜರ್ಮನಿ, ಇಟಲಿಗಳಲ್ಲಿ ಸೈನ್ಯ, ಪೋಲೀಸು, ಸುಂಕದ ಇಲಾಖೆಗಳು ಓಟಗಾರರನ್ನು ನೌಕರಿಗೆ ಸೇರಿಸಿಕೊಂಡು ಪಗಾರ ಕೊಟ್ಟು ಓಡಲು ಬಿಡುತ್ತವೆ. ನಮ್ಮ ದೇಶದಲ್ಲೂ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ 15 ಕಿಲೋಮೀಟರ್ ಓಡಿದ ಜಗದೀಶ ಸಿಂಗ್ ಅವರು ಸೈನಿಕರೇ.

ಅಮೇರಿಕೆಯ ದಾರಿ ಬೇರೆ, ನಮ್ಮ ವಾಚನಾಲಯದ ದಾರಿಗೆ ಹತ್ತಿರದ್ದು. ಅಲ್ಲಿ ಒಲಿಂಪಿಕ್ ಸಮಿತಿಯೇ ಸರಕಾರದ ಬೊಕ್ಕಸವನ್ನು ನೆಚ್ಚಿಕೊಂಡಿಲ್ಲ. ನ್ಯಾಶನಲ್ ನಾರ್ಡಿಕ್ ಫೌಂಡೇಶನ್ ಎಂಬ ಸಂಸ್ಥೆ ಸ್ಕೀ ಪ್ರಿಯರಿಂದ ತಲೆಗೆ 25 ಡಾಲರಿನಂತೆ ವರ್ಗಣಿ ಕೇಳುವ ಅಭಿಯಾನ ನಡೆಸಿ, ಎಳೆಯ ಓಟಗಾರರ ಪ್ರವಾಸಕ್ಕೂ ತಾಲೀಮಿಗೂ ನೆರವಾಗುತ್ತ ಬಂದಿದೆ. ವರ್ಮಾಂಟ್ ಪ್ರಾಂತದ ಕ್ರಾಫ್ಟ್ಸ್‌ಬರಿಯಲ್ಲಿ 2009ರಲ್ಲಿ ಇನ್ನೊಂದು ಏರ್ಪಾಡು ಶುರುವಾಯಿತು. ಅಲ್ಲಿ ಓಟಗಾರರಿಗೆ ಊಟ, ವಸತಿ, ಶಿಕ್ಷಣ ದೊರೆಯುತ್ತವೆ. ಬದಲಿಗೆ ಅವರು ಆ ಕೇಂದ್ರದ ಕೆಲಸಗಳಿಗೆ ಕೈಹಚ್ಚುತ್ತಾರೆ. ನಮ್ಮ ಕಡೆಯ ವಾರಾನ್ನದ ಹುಡುಗರನ್ನು ನೆನೆದರೆ ಇದು ತೀರ ಪರಕೀಯವೆನಿಸದು. ತಲೆಯ ಟೊಪ್ಪಿಗೆಯ ಮೇಲೆ ಅಂಗಡಿಯ ಹೆಸರು ಹಾಕಿಸಿಕೊಂಡು ಹಣ ಪಡೆಯುವದೂ ಉಂಟು.

ಹೀಗೆ ಹಲವರ ನೆರವಿನಿಂದ ಓಡುವವರು ಕೊಟ್ಟವರಿಗೆ ಏನು ಕೊಡಬೇಕು? ಪದಕವನ್ನೆ? ಅಲಾಸ್ಕಾದ ಕಿಕ್ಕನ್ ರಾಂಡಾಲ್ ಅವರ ಚರಿತ್ರೆಯನ್ನು ನೋಡಿರಿ. ಅವರು ಮೊದಲ ಒಲಿಂಪಿಕ್ಸಿಗೆ ಹೋದದ್ದು 2002ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ. ಪದಕವಿಲ್ಲ. 2006ರಲ್ಲಿ ಇಲ್ಲ, 2010ರಲ್ಲಿ ಇಲ್ಲ. 2012ರಿಂದ 2014ರ ತನಕ ಸತತ ಮೂರು ವರ್ಷ ಸ್ಪ್ರಿಂಟ್ ಓಟದಲ್ಲಿ ವಿಶ್ವಕಪ್ಪಿನ ಅಗ್ರಸ್ಥಾನ ಅವರದು. ಹಾಗಾಗಿ 2014ರ ಸೋಚಿಯಲ್ಲಿ ಚಿನ್ನ ಇವರಿಗೇ ಎಂದು ಎಲ್ಲರೂ ನಂಬಿದ್ದರು. ಅಲ್ಲಿ ಉಪಾಂತ್ಯಕ್ಕೂ ಮುಂಚಿನ ಸುತ್ತಿನಲ್ಲೇ, ಕಣ್ಣೆವೆ ಮುಚ್ಚುವಷ್ಟರ ಅಂತರದಿಂದ ಹೊರಬಿದ್ದರು. ಪದಕವನ್ನು ಕೊಳ್ಳಲೆಂದು ಹಣ ಕೊಟ್ಟವನಿದ್ದರೆ ಆ ದಿನವೇ ತನ್ನ ಕಿಸೆಯನ್ನು ಮುಚ್ಚುತ್ತಿದ್ದ. 2016ರಲ್ಲಿ ಅವರಿಗೆ ಗಂಡು ಮಗುವಾಯಿತು. ಆಮೇಲೂ ಓಡಿದರು. 2018ರ ಫೆಬ್ರುವರಿ 21ರಂದು ಪ್ಯೊಂಗ್‌ಚಾಂಗ್‌ನಲ್ಲಿ, ಮೂವತ್ತೈದರ ವಯಸ್ಸಿಗೆ, ಜೆಸ್ಸಿ ಡಿಗ್ಗಿನ್ಸ್ ಅವರ ಜೊತೆ ಜೋಡಿ ಓಟದಲ್ಲಿ ಚಿನ್ನ ಗೆದ್ದರು. ಸ್ವೀಡನ್ ದೇಶದವರು ಸೋತದ್ದು ಒಂದು ಸೆಕೆಂಡಿನ ನೂರರಲ್ಲಿ 19 ಪಾಲಿನಿಂದ! ಕ್ರಾಸ್ ಕಂಟ್ರಿಯಲ್ಲಿ ಅಮೇರಿಕೆಗೆ ಅದು ಮೊಟ್ಟಮೊದಲನೆಯ ಒಲಿಂಪಿಕ್ ಚಿನ್ನ. ಅದಕ್ಕೆ ಮುಂಚೆ 1976ರಲ್ಲಿ ಬಿಲ್ ಕೋಕ್ ಅವರಿಗೆ ಬಂದ ಬೆಳ್ಳಿಯೊಂದೇ ಇತ್ತು.

ಹದಿನಾರು ವರ್ಷ ಕಾಯುವ ಸಹನೆ ಎಲ್ಲರ ಪಾಲಿಗೂ ಬಾರದು. ಇಪ್ಪತ್ನಾಲ್ಕು ಇಪ್ಪತ್ತೈದಕ್ಕೆ ದುಡ್ಡು ಸಾಲದೆ ನಿಲ್ಲಿಸಿದವರ ಹೆಸರುಗಳು ಪತ್ರಿಕೆಯಲ್ಲಿ ಬರುವದಿಲ್ಲ. ಕೊಡುವವರು ಕೇಳಬೇಕಾದದ್ದು ಪದಕವನ್ನಲ್ಲ, ಲೆಕ್ಕವನ್ನು ಎಂಬುದು ನಮ್ಮ ಅಭಿಪ್ರಾಯ. ಎಷ್ಟು ತಾಸು ತಾಲೀಮಾಯಿತು, ಎಷ್ಟು ಹಣ ಪ್ರವಾಸಕ್ಕೆ ಹೋಯಿತು, ಹೋದ ವರ್ಷಕ್ಕಿಂತ ವೇಳೆ ಎಷ್ಟು ಇಳಿಯಿತು ಎಂದು ನಾಲ್ಕು ಸಾಲು ಬರೆದು ತಿಳಿಸಿದರೆ ಎರಡು ರೂಪಾಯಿ ಕೊಟ್ಟವನಿಗೂ ಸಮಾಧಾನ. ಅಷ್ಟನ್ನೂ ತಿಳಿಸದ ಓಟಗಾರನಿಗೆ ಎರಡನೆಯ ವರ್ಷ ಕೊಡಬೇಕಾದ್ದಿಲ್ಲ. ಹಾಗೆಯೇ, ಲೆಕ್ಕ ಸರಿಯಿದ್ದು ಪದಕ ಮಾತ್ರ ಬಾರದಿದ್ದರೆ ಕೈಬಿಡಬೇಕಾದ್ದೂ ಇಲ್ಲ.

ಚಿಲಿ, ಅಲಾಸ್ಕಾ, ವರ್ಮಾಂಟ್‌ಗಳನ್ನು ಗುರುತು ಹಾಕಿದ ನಕಾಶೆಯನ್ನು ವಾಚನಾಲಯದ ಒಳಗೋಡೆಗೆ ತೂಗುಹಾಕಿದ್ದೇವೆ. ರವಿವಾರ ಪಾಳಿಯಿಲ್ಲದವರು ಬಂದು ನೋಡಬಹುದು, ಮಕ್ಕಳನ್ನೂ ಕರೆತನ್ನಿರಿ.