ಸರಳ ರಚನೆಯ ಸತ್ತ್ವ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಹೆಮ್ಮಿಗೆ ಎಂಬ ಗ್ರಾಮವಿದೆ. ಕಾವೇರಿಯ ನೆರೆಯ ಈ ಪ್ರದೇಶದಲ್ಲಿ ಮಾಧವಮಂತ್ರಿಯ ಹೆಸರನ್ನು ಹೊತ್ತ ಪ್ರಾಚೀನ ಅಣೆಕಟ್ಟು ಪ್ರಸಿದ್ಧವಾದುದು. ಹಳೆಯ ಮೈಸೂರು ಸೀಮೆಯ ಇಂತಹ ಕಟ್ಟೆಗಳ ರಚನೆ ಬಹು ಸರಳ. ನದಿಗೆ ಅಡ್ಡಲಾಗಿ ಕಲ್ಲಿನ ತಗ್ಗಾದ ಒಡ್ಡನ್ನು ಕಟ್ಟಿ ನೀರಿನ ಮಟ್ಟವನ್ನು ತುಸು ಏರಿಸುತ್ತಿದ್ದರು. ಏರಿದ ನೀರು ಪಕ್ಕದ ನಾಲೆಗೆ ಹರಿಯುತ್ತಿತ್ತು. ಹೆಚ್ಚಾದುದು ಒಡ್ಡಿನ ಮೇಲಿಂದಲೇ ಧುಮುಕಿ ಮುಂದೆ ಸಾಗುತ್ತಿತ್ತು. ನೀರನ್ನೆತ್ತಲು ಯಂತ್ರ ಬೇಕಿರಲಿಲ್ಲ. ನೆಲದ ಇಳಿಜಾರೇ ಆ ಕೆಲಸವನ್ನು ಮಾಡುತ್ತಿತ್ತು. ಕಲ್ಲು ಕದಲಿದರೆ ಕೆಟ್ಟಿರುವುದು ಎಲ್ಲಿ ಎಂಬುದು ನೋಡಿದವರ ಕಣ್ಣಿಗೇ ಕಾಣುತ್ತಿತ್ತು.

ಕೃಷ್ಣರಾಜಸಾಗರದ ನಿರ್ಮಾಣದಿಂದ ಕಾವೇರಿಯ ಚರಿತ್ರೆಯಲ್ಲಿ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರೂ ಇದೇ ಗುಣವನ್ನು ತಮ್ಮ ಕೆಲಸದಲ್ಲಿ ತೋರಿದರು. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಅದರ ಬಲದಿಂದಲೇ ಬಾಗಿಲು ತೆರೆಯುತ್ತಿತ್ತು. ಮಟ್ಟ ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮಳೆಗಾಲದ ನಡುರಾತ್ರಿಯಲ್ಲಿ ಕಾವಲುಗಾರನು ಓಡಿಬಂದು ಬಾಗಿಲನ್ನು ಎತ್ತಬೇಕಾಗಿರಲಿಲ್ಲ.

ಸುತ್ತಲಿನ ಸ್ಥಿತಿಯನ್ನು ತಾನೇ ಅರಿತು, ಅದಕ್ಕೆ ತಕ್ಕಂತೆ ತಾನೇ ಕೆಲಸ ಮಾಡುವುದು ಇಂದಿನ ರೋಬೋಟಿನ ಮುಖ್ಯ ಲಕ್ಷಣ. ಈ ವಿದ್ಯೆ ಈಗ ಶಾಲೆಯ ಅಂಗಳಕ್ಕೂ ಬಂದಿದೆ. ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಷನ್ ಮಿಷನ್ ಯೋಜನೆಯಡಿ ಅನೇಕ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಸ್ಥಾಪನೆಯಾದವು. ಆರರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಅಲ್ಲಿ ಸ್ವತಃ ಯಂತ್ರಗಳನ್ನು ಕಟ್ಟಿ ನೋಡಬಹುದು. ವಿದ್ಯಾರ್ಥಿಗಳಿಗಾಗಿ ರೋಬೋಟ್ ಸ್ಪರ್ಧೆಗಳೂ ನಡೆಯುತ್ತವೆ. ಅಮೆರಿಕದ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯ ‘ಫಸ್ಟ್ ಲೆಗೊ ಲೀಗ್’ ಇಂತಹ ಸ್ಪರ್ಧೆಗಳಲ್ಲಿ ಹೆಸರಾದುದು. ಅದರ 2024–25ನೆಯ ಸಾಲಿನ ನಿಯಮದಂತೆ, ಮಕ್ಕಳು ಕಟ್ಟಿದ ರೋಬೋಟ್ ಮೇಜಿನ ಮೇಲೆ ಜೋಡಿಸಿದ ಹಲವು ಕಾರ್ಯಗಳನ್ನು ಎರಡೂವರೆ ನಿಮಿಷಗಳಲ್ಲಿ ತಾನಾಗಿ ಮಾಡಬೇಕಿತ್ತು. ನಾಲ್ಕಕ್ಕಿಂತ ಹೆಚ್ಚು ಮೋಟಾರುಗಳನ್ನು ಬಳಸುವಂತಿರಲಿಲ್ಲ.

ಇಂತಹ ಸ್ಪರ್ಧೆಗೆ ಸಿದ್ಧರಾಗುವ ಎರಡು ತಂಡಗಳನ್ನು ಊಹಿಸಿಕೊಳ್ಳಬಹುದು. ಒಂದು ವಸ್ತುವನ್ನು ಅದರ ಸ್ಥಾನದಿಂದ ಗುರಿಗೆ ಸಾಗಿಸುವುದು ಅವರ ಕೆಲಸ. ಮೊದಲನೆಯ ತಂಡದವರು ವಸ್ತುವನ್ನು ಹಿಡಿದು, ಎತ್ತಿ, ತಿರುಗಿಸಿ ಇಳಿಸುವ ಹಲ್ಲುಚಕ್ರಗಳ ಕೈಯೊಂದನ್ನು ಮಾಡುತ್ತಾರೆ. ನೋಡುವವರು ಬೆರಗಾಗುತ್ತಾರೆ. ಎರಡನೆಯ ತಂಡದವರು, ‘ಇದನ್ನು ಎತ್ತಲೇಬೇಕೆ?’ ಎಂದು ಕೇಳಿಕೊಳ್ಳುತ್ತಾರೆ. ಎತ್ತಬೇಕಾಗಿಲ್ಲವೆಂದು ಕಂಡುಕೊಂಡು, ರೋಬೋಟಿನ ಮುಂದೆ ಒಂದು ಅಗಲವಾದ ಹಲಗೆಯನ್ನು ಕಟ್ಟಿ ವಸ್ತುವನ್ನು ನೂಕಿಬಿಡುತ್ತಾರೆ. ಈ ರಚನೆ ನೋಟಕ್ಕೆ ಸಾಮಾನ್ಯವಾದುದು. ಆದರೆ ಅದರಲ್ಲಿ ಕೆಡುವಂತಹುದು ಏನೂ ಇಲ್ಲ.

ಇದರ ಕಾರಣವನ್ನು ಗಣಿತ ಸ್ಪಷ್ಟಪಡಿಸುತ್ತದೆ. ಒಂದು ಯಂತ್ರದಲ್ಲಿ ಒಂದರ ಹಿಂದೆ ಒಂದರಂತೆ ಹತ್ತು ಕ್ರಿಯೆಗಳು ನಡೆಯಬೇಕಾಗಿದ್ದು, ಪ್ರತಿಯೊಂದೂ ನೂರರಲ್ಲಿ 95 ಸಲ ಸರಿಯಾಗಿ ನಡೆಯುವುದೆಂದು ಇಟ್ಟುಕೊಂಡರೆ, ಹತ್ತೂ ಸರಿಯಾಗಿ ನಡೆಯುವುದು ನೂರರಲ್ಲಿ ಸುಮಾರು 60 ಸಲ ಮಾತ್ರ. ಕ್ರಿಯೆಗಳನ್ನು ನಾಲ್ಕಕ್ಕೆ ಇಳಿಸಿದರೆ ಆ ಸಂಖ್ಯೆ ಸುಮಾರು 81ಕ್ಕೆ ಏರುತ್ತದೆ. ಯಾವ ಭಾಗವೂ ಮೊದಲಿಗಿಂತ ಉತ್ತಮವಾಗಲಿಲ್ಲ. ಭಾಗಗಳು ಕಡಿಮೆಯಾದವು, ಅಷ್ಟೆ.

ಚಲನೆಯ ವಿಷಯದಲ್ಲಿಯೂ ಹೀಗೆಯೇ. ಹೊರಡುವಾಗ ರೋಬೋಟಿನ ದಿಕ್ಕು ಒಂದು ಡಿಗ್ರಿಯಷ್ಟು ತಪ್ಪಿದರೂ ಎರಡು ಮೀಟರು ಸಾಗುವಷ್ಟರಲ್ಲಿ ಅದು ಗುರಿಯಿಂದ ಸುಮಾರು ಮೂರೂವರೆ ಸೆಂಟಿಮೀಟರು ದೂರ ಸರಿದಿರುತ್ತದೆ. ಗಾಲಿ ಜಾರಿದರೆ, ಬ್ಯಾಟರಿ ಸೊರಗಿದರೆ ತಪ್ಪು ಇನ್ನೂ ಬೆಳೆಯುತ್ತದೆ. ಅನುಭವವುಳ್ಳ ವಿದ್ಯಾರ್ಥಿಗಳು ಇದಕ್ಕೊಂದು ಸುಲಭವಾದ ಉಪಾಯವನ್ನು ಬಳಸುತ್ತಾರೆ. ದಾರಿಯ ನಡುವೆ ರೋಬೋಟಿನ ಚಪ್ಪಟೆಯಾದ ಬೆನ್ನು ಮೇಜಿನ ಅಂಚುಗೋಡೆಗೆ ಒತ್ತುವಂತೆ ಮಾಡುತ್ತಾರೆ. ಅಲ್ಲಿಯವರೆಗೆ ಸೇರಿದ್ದ ದಿಕ್ಕಿನ ತಪ್ಪು ಗೋಡೆಗೆ ತಾಗಿದೊಡನೆ ನೇರವಾಗುತ್ತದೆ. ನದಿಯ ಕಟ್ಟೆ ನೆಲದ ಇಳಿಜಾರನ್ನು ದುಡಿಸಿಕೊಂಡಂತೆಯೇ ಇಲ್ಲಿ ರೋಬೋಟ್ ಗೋಡೆಯನ್ನು ದುಡಿಸಿಕೊಳ್ಳುತ್ತದೆ.

ಹಾಗೆಂದು, ಭಾಗಗಳನ್ನು ಕಿತ್ತುಹಾಕುವುದೇ ಸರಳತೆಯೆಂದು ತಿಳಿಯಬಾರದು. ಮೇಜಿನ ಮೇಲೆ ಕಪ್ಪು ಗೆರೆಯಿದ್ದು ಅದರ ಗುಂಟ ಸಾಗಬೇಕಾದಾಗ, ಬಣ್ಣವನ್ನು ಗುರುತಿಸುವ ಸಂವೇದಕವೊಂದನ್ನು ಸೇರಿಸುವುದೇ ಲೇಸು. ಅದನ್ನು ಬಿಟ್ಟು ಕೇವಲ ಅಳತೆಯನ್ನೇ ನಂಬಿದರೆ ರೋಬೋಟ್ ಕಣ್ಣು ಕಟ್ಟಿಕೊಂಡು ನಡೆದಂತಾಗುತ್ತದೆ. ಒಂದು ಭಾಗ ಇರಬೇಕೆ ಬೇಡವೆ ಎಂಬುದಕ್ಕೆ ಅದು ಮಾಡುವ ಕೆಲಸವೇ ಪ್ರಮಾಣ. ಅದನ್ನು ತೆಗೆದರೆ ಕೆಲಸ ಕೆಡುವುದಾದರೆ ಅದು ಇರತಕ್ಕದ್ದು. ಕೆಡದಿದ್ದರೆ ಅದು ಬರಿಯ ಹೊರೆ.

ಈ ನಿಯಮವನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ವಾರಗಟ್ಟಲೆ ಶ್ರಮಪಟ್ಟು ಮಾಡಿದ ಚೆಂದದ ಕೈಯನ್ನು, ಅದು ಅನಗತ್ಯವೆಂದು ತಿಳಿದ ದಿನ, ಬಿಚ್ಚಿಡಲು ಮನಸ್ಸು ಒಪ್ಪುವುದಿಲ್ಲ. ಗೆಳೆಯರ ಮುಂದೆ ತಮ್ಮದು ಸಣ್ಣ ಕೆಲಸವಾಗಿ ಕಾಣುವುದೋ ಎಂಬ ಅಳುಕೂ ಇರುತ್ತದೆ. ಆ ಅಳುಕನ್ನು ಗೆದ್ದ ತಂಡಕ್ಕೆ ಒಂದು ದೊಡ್ಡ ಲಾಭವುಂಟು. ಕಟ್ಟುವುದರಲ್ಲಿ ಉಳಿದ ಸಮಯವನ್ನು ಅವರು ಪರೀಕ್ಷೆಗೆ ಬಳಸಬಹುದು. ಒಂದೇ ಕಾರ್ಯವನ್ನು ಇಪ್ಪತ್ತು ಸಲ ಮಾಡಿಸಿ, ತಪ್ಪಿದ್ದೆಷ್ಟು, ಏಕೆ ತಪ್ಪಿತು ಎಂದು ಬರೆದಿಟ್ಟು, ಒಂದೊಂದನ್ನೇ ತಿದ್ದಬಹುದು.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಸ್ಪರ್ಧೆಯಲ್ಲಿ ತೀರ್ಪುಗಾರರು ರೋಬೋಟಿನ ರಚನೆಯ ವಿಷಯವಾಗಿ ಮಕ್ಕಳನ್ನೇ ಪ್ರಶ್ನಿಸುತ್ತಾರೆ. ಹಿರಿಯರ ನೆರವಿನಿಂದ ಬೆಳೆದ ಜಟಿಲ ಯಂತ್ರವು ಒಂದು ಆಟಕ್ಕೂ ಮತ್ತೊಂದು ಆಟಕ್ಕೂ ನಡುವೆ ಕೆಟ್ಟು ನಿಂತರೆ, ಅದರ ಒಳಗನ್ನು ಅರಿಯದ ಮಕ್ಕಳು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಸರಳ ಯಂತ್ರವನ್ನು ತಾವೇ ಕಟ್ಟಿದ ಮಕ್ಕಳಿಗೆ ಅದರ ಒಂದೊಂದು ತುಂಡಿನ ಕೆಲಸವೂ ಗೊತ್ತು. ಅವರು ಅದನ್ನು ಬಿಚ್ಚಬಲ್ಲರು, ಸರಿಪಡಿಸಬಲ್ಲರು, ಇತರರಿಗೆ ವಿವರಿಸಬಲ್ಲರು. ಬಹುಮಾನ ಬಂದರೂ ಬಾರದಿದ್ದರೂ ಆ ತಿಳಿವಳಿಕೆ ಅವರದಾಗಿಯೇ ಉಳಿಯುತ್ತದೆ.