ಆಮೆಯ ಉದರವ್ಯಾಧಿ ಮತ್ತು ಅದರ ಪ್ರಥಮೋಪಚಾರ

ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಧರ್ಮಗುರುವೂ ನಿಸರ್ಗ ವೀಕ್ಷಕರೂ ಆಗಿದ್ದ ಗಿಲ್ಬರ್ಟ್ ವೈಟ್ ಅವರು 1780ರಲ್ಲಿ, ತಮ್ಮ ಸೋದರತ್ತೆ ತೀರಿಕೊಂಡ ಬಳಿಕ, ಆಕೆ ಸುಮಾರು 40 ವರ್ಷ ಸಾಕಿದ್ದ ಆಮೆಯೊಂದನ್ನು ತಮ್ಮ ತೋಟಕ್ಕೆ ತಂದರು. ಟಿಮೊಥಿ ಎಂಬ ಗಂಡು ಹೆಸರಿನ ಆ ಆಮೆ ಹೆಣ್ಣೆಂಬುದು ಅದು ಸತ್ತ ಮೇಲಷ್ಟೇ ತಿಳಿಯಿತು. 1789ರಲ್ಲಿ ಪ್ರಕಟವಾದ ವೈಟ್ ಅವರ ಗ್ರಂಥದಲ್ಲಿ ಅದರ ಆಹಾರ ವಿಹಾರಗಳ ವಿವರಗಳಿವೆ. ನಡುಬೇಸಗೆಯಲ್ಲಿ ಹಾಲು ಸೂಸುವ ಸೊಪ್ಪುಗಳನ್ನು ಆತುರದಿಂದ ತಿನ್ನುತ್ತಿದ್ದ ಆಮೆ, ಚಳಿ ಸಮೀಪಿಸಿದಂತೆ ವಾರಗಟ್ಟಲೆ ಆಹಾರವನ್ನು ಬಹುಮಟ್ಟಿಗೆ ಮುಟ್ಟುತ್ತಲೇ ಇರಲಿಲ್ಲ. ಇದು ಪ್ರಾಣಿಯ ಹಟಮಾರಿತನವಲ್ಲ. ಅದರ ಉದರದ ನಿಯಮ. ಆಮೆಗೆ ಹೊಟ್ಟೆಯ ಬೇನೆ ಬಂದಾಗ ಸಾಕಿದವರು ಮೊದಲು ಅರಿಯಬೇಕಾದುದೂ ಈ ನಿಯಮವನ್ನೇ.

ಹಸು, ನಾಯಿ, ಮನುಷ್ಯ ಮೊದಲಾದ ಸಸ್ತನಿಗಳು ತಮ್ಮ ದೇಹದ ಶಾಖವನ್ನು ತಾವೇ ಉತ್ಪಾದಿಸಿಕೊಳ್ಳುತ್ತವೆ. ಆಮೆಗೆ ಆ ಶಕ್ತಿಯಿಲ್ಲ. ಅದು ಬಿಸಿಲಿನಿಂದಲೂ ನೆಲದಿಂದಲೂ ಶಾಖವನ್ನು ಪಡೆಯಬೇಕು. ಹುಲ್ಲು ಸೊಪ್ಪುಗಳ ನಾರನ್ನು ಅರಗಿಸುವವು ಅದರ ದೊಡ್ಡ ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು. ಸುತ್ತಣ ಉಷ್ಣತೆ 28ರಿಂದ 32 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ ಈ ಕ್ರಿಯೆ ಸರಾಗ. 20 ಡಿಗ್ರಿಗಿಂತ ಕೆಳಗಿಳಿದಂತೆ ಅದು ಬಹಳ ಮಂದವಾಗುತ್ತದೆ. ತಿಂದ ಆಹಾರ ಹೊರಬರಲು ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗುವುದುಂಟು. ಆದುದರಿಂದ "ನಿನ್ನೆಯವರೆಗೂ ಚೆನ್ನಾಗಿತ್ತು, ಇಂದು ಇದ್ದಕ್ಕಿದ್ದಂತೆ ಕಾಯಿಲೆಯಾಯಿತು" ಎಂಬ ಮಾತು ಆಮೆಯ ವಿಷಯದಲ್ಲಿ ಬಹುತೇಕ ನಿಜವಲ್ಲ. ಕಾಯಿಲೆಯ ಬೀಜ ಎಷ್ಟೋ ದಿನಗಳ ಹಿಂದೆ ಬಿದ್ದಿರುತ್ತದೆ. ಕಣ್ಣಿಗೆ ಬೀಳುವುದು ಮಾತ್ರ ಹಠಾತ್ತನೆ.

ಆ ಬೀಜವನ್ನು ಅನೇಕ ವೇಳೆ ಪ್ರೀತಿಯೇ ಬಿತ್ತಿರುತ್ತದೆ. ಬಂದವರಿಗೆಲ್ಲ ಅನ್ನ ನೀಡುವ ದಾಸೋಹದ ನಾಡಿನಲ್ಲಿ ಮನೆಯ ಪ್ರಾಣಿಗೂ ಒಂದು ತುತ್ತು ಇಡುವುದು ಸಹಜವೇ. ಆದರೆ ಆಮೆಗೆ ಬೇಯಿಸಿದ ಅನ್ನ, ಹಾಲು, ಬ್ರೆಡ್ಡು, ಬಾಳೆಹಣ್ಣುಗಳು ಉಪಕಾರಿಯಲ್ಲ. ಹಿಟ್ಟು ಸಕ್ಕರೆಗಳು ಕರುಳಿನಲ್ಲಿ ಬೇಗ ಹುಳಿತು ವಾಯುವನ್ನುಂಟುಮಾಡುತ್ತವೆ, ಭೇದಿಯಾಗುತ್ತದೆ, ಕರುಳಿನ ಪರೋಪಜೀವಿಗಳು ಹೆಚ್ಚುತ್ತವೆ. ಗಟ್ಟಿಯಾದ ಚಿಪ್ಪು ಹಿಗ್ಗಲಾರದು. ಆಮೆಗೆ ಸಸ್ತನಿಗಳಂಥ ವಪೆಯೂ ಇಲ್ಲ. ಶ್ವಾಸಕೋಶಗಳು ಬೆನ್ನಿನ ಚಿಪ್ಪಿನ ಕೆಳಗೇ ಇವೆ. ಆದುದರಿಂದ ಹೊಟ್ಟೆಯುಬ್ಬರ ಬಂದರೆ ವಾಯುವಿನ ಒತ್ತಡ ನೇರವಾಗಿ ಉಸಿರಾಟದ ಮೇಲೆ ಬೀಳುತ್ತದೆ. ಹಿಂಗಾಲುಗಳ ಸಂದಿನ ಮೆತ್ತನೆಯ ಚರ್ಮ ಉಬ್ಬಿ ನಿಂತಿದ್ದರೆ ಅದು ಅಪಾಯದ ಸೂಚನೆ. ನೀರಾದ ದುರ್ನಾತದ ಮಲ, ಅದರಲ್ಲಿ ಅರಗದ ತುಣುಕುಗಳು ಅಥವಾ ಹುಳುಗಳು, ಮಲವಿಸರ್ಜನೆಗೆ ತಿಣುಕುವುದು ಇವೂ ಗಮನಾರ್ಹ. ಮೂತ್ರದೊಡನೆ ಬರುವ ಬಿಳಿಯ ಪದಾರ್ಥ ಮರಳಿನಂತೆ ಒರಟಾಗಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆಯೆಂದು ತಿಳಿಯಬೇಕು.

ಇಂಥ ಸಮಯದಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಬಾಯಿ ತೆರೆಸಿ ಆಹಾರ ತುರುಕುವುದು. ತಣ್ಣಗಾದ ಆಮೆಯ ಹೊಟ್ಟೆಗೆ ಬಿದ್ದ ಆಹಾರ ಅರಗದೆ ಅಲ್ಲಿಯೇ ಕೊಳೆಯುತ್ತದೆ. ಶಾಖ ಮೊದಲು, ನೀರು ಆಮೇಲೆ, ಆಹಾರ ಕಡೆಗೆ. ಈ ಕ್ರಮ ತಪ್ಪಬಾರದು. ಗಾಳಿಯಾಡುವ ಪೆಟ್ಟಿಗೆಯ ಒಂದು ಬದಿಯಲ್ಲಿ ಮೇಲಿನಿಂದ ವಿದ್ಯುದ್ದೀಪವನ್ನು ತೂಗುಹಾಕಿ, ಅಲ್ಲಿನ ಉಷ್ಣತೆಯನ್ನು ಉಷ್ಣಮಾಪಕದಿಂದ ಅಳೆದು 30 ಡಿಗ್ರಿಯ ಆಸುಪಾಸಿನಲ್ಲಿಡಬೇಕು. ಇನ್ನೊಂದು ಬದಿ ತಂಪಾಗಿಯೇ ಇರಲಿ. ಬೇಕಾದೆಡೆಗೆ ಸರಿದುಕೊಳ್ಳುವ ಸ್ವಾತಂತ್ರ್ಯ ರೋಗಿಗೂ ಇರಬೇಕಷ್ಟೆ. ಮೈ ಬೆಚ್ಚಗಾದ ಮೇಲೆ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೊಮ್ಮೆ 15-20 ನಿಮಿಷ ನಿಲ್ಲಿಸಿದರೆ ಆಮೆ ನೀರು ಕುಡಿಯುತ್ತದೆ. ಅನೇಕ ಸಲ ಅಲ್ಲಿಯೇ ಮಲವಿಸರ್ಜನೆಯೂ ಆಗುತ್ತದೆ. ಬಳಿಕ ಒರೆಸಿ ಒಣಗಿಸಬೇಕು. ತಾನಾಗಿ ತಿನ್ನಲು ತೊಡಗಿದಾಗ ಗರಿಕೆ ಹುಲ್ಲು, ದಾಸವಾಳದ ಎಲೆಗಳಂಥ ನಾರಿನ ಆಹಾರವನ್ನಷ್ಟೇ ಇಡಬೇಕು.

ಇದು ಪ್ರಥಮೋಪಚಾರವೇ ಹೊರತು ಚಿಕಿತ್ಸೆಯಲ್ಲ. ಉಬ್ಬರ, ರಕ್ತ ಬೆರೆತ ಮಲ, ಹೊರಜಾರಿದ ಗುದಭಾಗ ಇವುಗಳಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮನೆಯಲ್ಲಿರುವ ದನದ ಅಥವಾ ನಾಯಿಯ ಹುಳುವಿನ ಔಷಧವನ್ನು ಅಂದಾಜಿನಲ್ಲಿ ಕೊಡುವುದಂತೂ ಸರ್ವಥಾ ಕೂಡದು. ದನಕರುಗಳಿಗೆ ಧಾರಾಳವಾಗಿ ಬಳಸಲಾಗುವ ಐವರ್‌ಮೆಕ್ಟಿನ್ ಆಮೆಗಳಲ್ಲಿ ಪಾರ್ಶ್ವವಾಯುವಿನಂಥ ನಿಶ್ಶಕ್ತಿಯನ್ನೂ ಮರಣವನ್ನೂ ತರಬಲ್ಲದೆಂಬುದು 1983ರಲ್ಲಿ ಅಮೆರಿಕದ ಪಶುವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟಪಟ್ಟಿತು. ಹಸುವಿಗೆ ಅಮೃತವಾದದ್ದು ಆಮೆಗೆ ವಿಷ.

ಶಾಲೆಗಳಲ್ಲಿ ಇನ್ನೊಂದು ಎಚ್ಚರವೂ ಅವಶ್ಯ. ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದು. ಮಕ್ಕಳಿಗೆ ಈ ಸೋಂಕು ತಗಲುತ್ತಿದ್ದ ಕಾರಣದಿಂದಲೇ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಲಾಯಿತು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಆಮೆಯ ಪಾತ್ರೆ ಅಡಿಗೆಮನೆಯ ಹತ್ತಿರ ಸುಳಿಯಬಾರದು.

ಕರ್ನಾಟಕದ ಒಣ ಕುರುಚಲು ಕಾಡುಗಳಲ್ಲಿ ವಾಸಿಸುವ ನಕ್ಷತ್ರ ಆಮೆಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೊಳಪಟ್ಟ ಆ ಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ. ಕಳ್ಳಸಾಗಣೆ ಮಿತಿಮೀರಿದ್ದರಿಂದ 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧವಾಯಿತು. ಶಾಲೆಯ ಮಕ್ಕಳು ಹೊಲದ ಬದುವಿನಿಂದ ಅಂಥ ಆಮೆಯೊಂದನ್ನು ಎತ್ತಿಕೊಂಡು ಬಂದರೆ ಶಿಕ್ಷಕರು ಗದರಬೇಕಾಗಿಲ್ಲ. ಅದು ಸಿಕ್ಕ ಸ್ಥಳವನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿನಲ್ಲಿ, ಬೆಚ್ಚಗೆ, ಆಹಾರ ಕೊಡದೆ ಇಟ್ಟಿರಬೇಕು. ಪೆಟ್ಟಿಗೆಯಲ್ಲಿ ಮಲ ಬಿದ್ದಿದ್ದರೆ ಅದನ್ನು ಎಸೆಯದೆ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು ಆಮೆಯೊಡನೆ ಕಳುಹಿಸಿದರೆ ವೈದ್ಯರ ಪರೀಕ್ಷೆಗೆ ಅನುಕೂಲವಾಗುತ್ತದೆ.