ಎಪ್ಪತ್ತನೇ ಮಹಡಿಗೆ ಹೊರಟ ಪುಟ್ಟಿಗೆ

ಪುಟ್ಟೀ, ಮುಂಬೈಯ ಲೋಯರ್ ಪರೇಲಿನಲ್ಲಿ ಎಪ್ಪತ್ತು ಮಹಡಿ ಏಳುವ ಸೈಟಿಗೆ ಇಂಜಿನಿಯರಾಗಿ ಹೊರಟಿದ್ದೀಯ. ಸಂತೋಷ. ಹೆಲ್ಮೆಟ್ ಹಾಕಿಕೊಂಡ ಫೋಟೊ ನೆಂಟರಿಗೆಲ್ಲ ತಲುಪಿಯೂ ಆಯಿತು, ಇನ್ನು ಕೆಲಸಕ್ಕೆ ಸೇರುವುದೊಂದು ಬಾಕಿ. ನಿನಗೆ ಬುದ್ಧಿಯಿದೆ, ಲೆಕ್ಕ ಚೆನ್ನಾಗಿ ಬರುತ್ತದೆ. ತಾಳ್ಮೆ ಕೊಡುವಾಗ ಮಾತ್ರ ನಿಮ್ಮಮ್ಮ ಕೈ ಬಿಗಿ ಹಿಡಿದಳು. ಅದನ್ನು ಸೈಟು ಕಲಿಸುತ್ತದೆ, ಆದರೆ ಅದು ಕಲಿಸುವ ರೀತಿ ಒರಟು. ಸಿಮೆಂಟಿನ ಧೂಳು ಕುಡಿದೇ ಮುದುಕನಾದ ನಾನು ಮೊದಲೇ ಒಂದಷ್ಟು ಹೇಳಿಬಿಡುತ್ತೇನೆ, ಕೇಳು.

ಅಂಥ ಕಟ್ಟಡದಲ್ಲಿ ಎಲ್ಲ ಸರಿಯಾಗಿ ನಡೆದರೆ ವಾರಕ್ಕೊಂದು ಸ್ಲ್ಯಾಬ್ ಬೀಳುತ್ತದೆ. ಹಾಕಿದ ಕಾಂಕ್ರೀಟ್ ಮಾಲಿನಿಂದಲೇ ಕ್ಯೂಬ್ ಮಾಡಿ, ನೀರಿನಲ್ಲಿಟ್ಟು, 7 ದಿನಕ್ಕೆ ಕೆಲವು, 28 ದಿನಕ್ಕೆ ಕೆಲವು ಒಡೆದು ನೋಡುತ್ತಾರೆ. ಕಾಲೇಜಿನಲ್ಲಿ ನೀನೂ ಒಡೆದು ಮಾರ್ಕ್ಸ್ ತಗೊಂಡಿದ್ದೀಯ. ಈಗ ಈ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡು. ಇವತ್ತಿನ ಕಾಂಕ್ರೀಟು ಸೋತಿದೆ ಅಂತ ಪಕ್ಕಾ ತಿಳಿಯುವ ಹೊತ್ತಿಗೆ ಅದರ ತಲೆಯ ಮೇಲೆ ನಾಲ್ಕು ಮಹಡಿ ಕೂತಿರುತ್ತದೆ! ಆಮೇಲೆ ಮೀಟಿಂಗೇ ಮೀಟಿಂಗು. ಕೋರ್ ತೆಗೆಸು, ಹ್ಯಾಮರ್ ಟೆಸ್ಟ್ ಮಾಡಿಸು, ಕನ್ಸಲ್ಟೆಂಟನ್ನು ಕರೆಸು. ಒಡೆದುಹಾಕಿ ಅನ್ನುವ ಧೈರ್ಯ ಮಾತ್ರ ಯಾರಿಗೂ ಬರುವುದಿಲ್ಲ.

ಹಾಗಾಗಿ ನಿನ್ನ ಯೋಗ್ಯತೆಯೆಲ್ಲ ತಿಳಿಯುವುದು ಮಾಲು ಹಸಿಯಾಗಿರುವ ಆ ಒಂದೆರಡು ಗಂಟೆಯಲ್ಲೇ. ರಾತ್ರಿ ಹನ್ನೊಂದಾಗಿದೆ, ಕಂಬಕ್ಕೆ ಮಾಲು ಹಾಕಬೇಕಿದೆ ಅಂದುಕೊ. ಹೊರಗೆ ಮುಂಬೈ ಮಳೆ. ಎಲ್ಲೋ ಸಿಕ್ಕಿಬಿದ್ದ ಮಿಕ್ಸರ್ ಲಾರಿ ಈಗ ಬಂದಿದೆ, ಮಾಲು ಗಟ್ಟಿಯಾಗಿದೆ, ಪಂಪು ಎಳೆಯುತ್ತಿಲ್ಲ. ಪಂಪಿನವನು ಡ್ರೈವರಿಗೆ ಕಣ್ಸನ್ನೆ ಮಾಡುತ್ತಾನೆ. ಡ್ರೈವರ್ ಡ್ರಮ್ಮಿಗೆ ನೀರಿನ ಪೈಪು ಬಿಡುತ್ತಾನೆ. ನೀರು ಬಿದ್ದದ್ದೇ ತಡ, ಮಾಲು ಸಲೀಸಾಗಿ ಹರಿಯುತ್ತದೆ, ಎಲ್ಲರ ಮುಖದಲ್ಲೂ ಕಳೆ. ಕಂಬದ ಶಕ್ತಿ ಸೋರಿಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ನೀರಾದ ಹಿಟ್ಟಿನಲ್ಲಿ ದೋಸೆ ಏಳದಿದ್ದರೆ ನಿಮ್ಮಜ್ಜಿ ಅದಕ್ಕೆ ರವೆ ಸೇರಿಸಿ ಇನ್ನೇನೋ ಮಾಡಿಕೊಳ್ಳುತ್ತಾಳೆ, ಕಂಬಕ್ಕೆ ಆ ಅನುಕೂಲ ಇಲ್ಲ. ಅಲ್ಲಿ ‘ನಿಲ್ಲಿಸಿ’ ಅನ್ನಬೇಕಾದವಳು ನೀನು. ಒಂದು ಬಕೆಟ್ ನೀರಿಗೆ ಇಷ್ಟೊಂದು ಗಲಾಟೆಯಾ ಅಂತ ನಗುತ್ತಾರೆ. ನಗಲಿ. ಮಾಲು ಎಷ್ಟು ಕುಸಿಯುತ್ತದೆ ಅಂತ ಸ್ಲಂಪ್ ನೋಡು, ಲಾರಿ ಪ್ಲಾಂಟ್ ಬಿಟ್ಟ ಹೊತ್ತನ್ನು ಚಲನ್ನಿನಲ್ಲಿ ಓದು, ಹೊತ್ತು ಮೀರಿದ್ದರೆ ವಾಪಸ್ ಕಳಿಸು. ಕೂಗಾಡಬೇಡ. ನಿನ್ನ ಕೂಗಾಟ ಮನೆಯಲ್ಲೇ ಯಾರಿಗೂ ಹೆದರಿಕೆ ಹುಟ್ಟಿಸಿಲ್ಲ, ಅಲ್ಲಿ ಹುಟ್ಟಿಸೀತೇ? ಮೆಲ್ಲಗೆ ಹೇಳು, ಹೇಳಿದ ಮೇಲೆ ಬದಲಿಸಬೇಡ. ಮರುದಿನ ಬೈಗುಳ ಬೀಳುತ್ತದೆ. ಅದಕ್ಕೂ ಸೇರಿಯೇ ಸಂಬಳ ಕೊಡುವುದು.

ತಡವಾಗಿ ತಿಳಿದರೆ ಏನಾಗುತ್ತದೆ ಅನ್ನುವುದನ್ನು ಸ್ಯಾನ್ ಫ್ರಾನ್ಸಿಸ್ಕೊದವರು ಚೆನ್ನಾಗಿ ಬಲ್ಲರು. ಅಲ್ಲಿಯ ಮಿಲೆನಿಯಂ ಟವರ್ 58 ಮಹಡಿಯದು, 2009ರಲ್ಲಿ ಮುಗಿಯಿತು, ಒಳಗೆಲ್ಲ ಸಿರಿವಂತರು. ಕೆಳಗೆ ಒಂಬೈನೂರಕ್ಕೂ ಹೆಚ್ಚು ಪೈಲ್ ಹೊಡೆದಿದ್ದರು. ಬಂಡೆ ಇನ್ನೂ ಆಳದಲ್ಲಿತ್ತು, ಪೈಲುಗಳು ಗಟ್ಟಿ ಮರಳಿನಲ್ಲೇ ನಿಂತವು. ಆ ಊರಿನಲ್ಲಿ ಹಾಗೆ ಕಟ್ಟಿದ್ದು ಇದೊಂದೇ ಅಲ್ಲ, ಆದರೆ ಇದು ಕುಸಿಯತೊಡಗಿತು. 2016ರಲ್ಲಿ ಸುದ್ದಿ ಹೊರಬಿದ್ದಾಗ ಸುಮಾರು 16 ಅಂಗುಲ ಇಳಿದು ಒಂದು ಪಕ್ಕಕ್ಕೆ ವಾಲಿತ್ತು. ಮನೆಯ ನೆಲದ ಮೇಲೆ ಗೋಲಿ ಉರುಳಿಸಿ ತೋರಿಸಿದ ನಿವಾಸಿಯೂ ಇದ್ದ. ಕಟ್ಟಿದವರು ಪಕ್ಕದ ಬಸ್ ನಿಲ್ದಾಣದ ಅಗೆತವನ್ನು ದೂರಿದರು, ನಿಲ್ದಾಣದವರು ಇವರ ಪಾಯವನ್ನು. ವಕೀಲರಿಗೆ ಸುಗ್ಗಿ. ಕೊನೆಗೆ ಎರಡು ರಸ್ತೆಗಳ ಬದಿಯಲ್ಲಿ ಹೊಸದಾಗಿ 18 ಪೈಲುಗಳನ್ನು ಬಂಡೆಯವರೆಗೂ ಇಳಿಸಿ, 2023ರಲ್ಲಿ ರಿಪೇರಿ ಮುಗಿಸಿದರು. ಖರ್ಚು ಸುಮಾರು ಹತ್ತು ಕೋಟಿ ಡಾಲರ್.

ಅಷ್ಟು ದೂರ ಯಾಕೆ? ನೀನು ಹೋಗುವ ಲೋಯರ್ ಪರೇಲಿನಲ್ಲೇ ಶ್ರೀನಿವಾಸ್ ಮಿಲ್ಲಿನ ಜಾಗದಲ್ಲಿ ವರ್ಲ್ಡ್ ಒನ್ ಅನ್ನುವ ಕಟ್ಟಡ ಇದೆ. 2010ರಲ್ಲಿ ಘೋಷಿಸಿದಾಗ ಅದು 442 ಮೀಟರ್, 117 ಮಹಡಿ ಅಂತಿತ್ತು. ಅಷ್ಟು ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಸಿಗಲಿಲ್ಲ. ಕಟ್ಟಡ 280 ಮೀಟರಿಗೇ ನಿಂತಿತು. ಒಪ್ಪಿಗೆ ಸಿಗದೆ ದೊಡ್ಡವರ ಕಥೆಯೇ ಹೀಗಾದರೆ ನೀನು ಯಾವ ಲೆಕ್ಕ? ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ ಮುದ್ರೆ ಬೀಳದ ಡ್ರಾಯಿಂಗ್ ಹಿಡಿದು ಒಂದು ಕಂಬಿಯನ್ನೂ ಕಟ್ಟಿಸಬೇಡ. ಸಾಹೇಬರು ನಡೆಯುತ್ತ ನಡೆಯುತ್ತ ಬಾಯಲ್ಲಿ ಹೇಳಿದ ಬದಲಾವಣೆಯನ್ನು ಅವತ್ತೇ ಮೇಲ್ ಮಾಡಿ ಕೇಳು. ಅವರಿಗೆ ಕಿರಿಕಿರಿಯಾಗಲಿ, ಪರವಾಗಿಲ್ಲ.

ಸ್ಯಾಂಪಲ್ ಫ್ಲ್ಯಾಟಿನ ಇಟಲಿ ಮಾರ್ಬಲ್ ನೋಡಿ ಬಾಯಿ ಬಿಡಬೇಡ, ಅದು ಕೊಳ್ಳುವವರಿಗೆ. ನೀನು ನೋಡಬೇಕಾದದ್ದು ಆಳುಗಳನ್ನು. 1982ರ ಮಿಲ್ ಮುಷ್ಕರದ ತನಕ ಲೋಯರ್ ಪರೇಲಿನಲ್ಲೆಲ್ಲ ಮಿಲ್ ಕಾರ್ಮಿಕರದೇ ಗದ್ದಲ. ಈಗ ಅಲ್ಲಿ ದುಡಿಯುವವರು ಬೇರೆ, ತಗಡಿನ ಶೆಡ್ಡಿನಲ್ಲಿ ಮಲಗಿ ಕೋಟಿಗಟ್ಟಲೆ ಬೆಲೆಯ ಮನೆ ಕಟ್ಟುವವರು. ಕಲಬುರಗಿ, ಯಾದಗಿರಿ ಕಡೆಯವರು ಮುಂಬೈಗೆ ದುಡಿಯಲು ಹೋಗುವುದು ಇವತ್ತು ನಿನ್ನೆಯದಲ್ಲ. ಸಿಕ್ಕರೆ ‘ಊಟ ಆತೇನ್ರೀ ಕಾಕಾ’ ಅನ್ನು. ಇಂಗ್ಲಿಷಿನಲ್ಲಿ ಆಜ್ಞೆ ಮಾಡುವುದಕ್ಕೆ ಬೇರೆಯವರಿದ್ದಾರೆ. ಸೆಂಟ್ರಿಂಗ್ ಬಿಚ್ಚುವವನಿಗೆ ಕಾಂಕ್ರೀಟಿನೊಳಗಿನ ಹುಳುಕು ಎಲ್ಲರಿಗಿಂತ ಮೊದಲು ಕಾಣುತ್ತದೆ. ನಿನ್ನ ಮೇಲೆ ಸಿಟ್ಟಿದ್ದರೆ ಒಂದು ಬಾಂಡ್ಲಿ ಗಾರೆ ಬಳಿದು ಮುಚ್ಚಿಬಿಡುತ್ತಾನೆ. ವಿಶ್ವಾಸವಿದ್ದರೆ ‘ಬರ್ರೀ ಮೇಡಂ, ಇಲ್ಲಿ ನೋಡ್ರೀ’ ಅಂತ ಕರೆಯುತ್ತಾನೆ. ಕರೆದಾಗ ಹೋಗು, ಎಷ್ಟನೇ ಮಹಡಿಯಾದರೂ ಸರಿ. ಅವನ ಸೇಫ್ಟಿ ಬೆಲ್ಟು ಸರಿಯಾಗಿ ಸಿಕ್ಕಿಸಿದೆಯಾ ಅಂತಲೂ ನೋಡು.

ಮೊದಲ ಸಂಬಳದಲ್ಲಿ ನನಗೆ ಪಂಚೆ, ಅಜ್ಜಿಗೆ ಸೀರೆ ತರುತ್ತೇನೆ ಅಂದೆಯಂತೆ. ಬೇಡ, ಬೀರು ತುಂಬಿದೆ. ಸೈಟ್ ಸ್ಟೋರಿನಲ್ಲಿ ಕೊಡುವ ಸೇಫ್ಟಿ ಶೂಗಳು ಸಾಮಾನ್ಯವಾಗಿ ಗಂಡಸರ ಅಳತೆಯವು. ನಿನ್ನ ಕಾಲಿಗೆ ಸರಿಯಾಗುವ ಒಂದು ಜೊತೆ ದುಡ್ಡು ಕೊಟ್ಟು ತಗೊ, ಸಡಿಲ ಶೂ ಹಾಕಿಕೊಂಡು ಏಣಿ ಹತ್ತಬೇಡ.